ಕಾರಿನ ವಿಮೆಯೂ ಮುಪ್ಪಿನ ಆರೈಕೆಯೂ

ನಮ್ಮ ಪಟ್ಟಣಗಳ ಮಧ್ಯಮವರ್ಗದ ಗೃಹಸ್ಥನು ವರ್ಷಕ್ಕೊಮ್ಮೆ ತಪ್ಪದೆ ಮಾಡುವ ಕೆಲಸಗಳಲ್ಲಿ ಕಾರಿನ ವಿಮೆಯ ಕಂತನ್ನು ಕಟ್ಟುವುದೂ ಒಂದು. ಹತ್ತು ಕಂಪನಿಗಳ ದರಗಳನ್ನು ಹೋಲಿಸಿ ನೋಡುತ್ತಾನೆ. ಏಜೆಂಟನೊಡನೆ ಚೌಕಾಸಿ ಮಾಡುತ್ತಾನೆ. ಐನೂರು ರೂಪಾಯಿ ಉಳಿದರೆ ಸಂತೋಷಪಡುತ್ತಾನೆ. ಇದರಲ್ಲಿ ತಪ್ಪೇನೂ ಇಲ್ಲ. ಮಿತವ್ಯಯವು ಗೃಹಸ್ಥಧರ್ಮದ ಒಂದು ಅಂಗವೇ ಸರಿ. ಆದರೆ ಅದೇ ಗೃಹಸ್ಥನನ್ನು, “ಸ್ವಾಮಿ, ತಮಗೆ ಎಂಬತ್ತೈದು ವರ್ಷವಾಗಿ, ಎದ್ದು ಬಚ್ಚಲುಮನೆಗೆ ಹೋಗಲಾಗದ ಸ್ಥಿತಿ ಬಂದರೆ ಹಿಡಿದು ನಡೆಸುವವರು ಯಾರು? ಅದರ ವೆಚ್ಚ ಎಲ್ಲಿಂದ?” ಎಂದು ಕೇಳಿದರೆ ಬರುವ ಉತ್ತರ ಒಂದೇ: “ಮಕ್ಕಳಿದ್ದಾರೆ, ದೇವರಿದ್ದಾನೆ.” ಗಾಡಿಯ ವಿಷಯದಲ್ಲಿ ಇಷ್ಟು ಲೆಕ್ಕಾಚಾರವುಳ್ಳ ಮನುಷ್ಯನು ತನ್ನ ದೇಹದ ವಿಷಯದಲ್ಲಿ ಲೆಕ್ಕವನ್ನೇ ಇಡದಿರುವುದಕ್ಕೆ ಕಾರಣವೇನು? ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ವಿಚಾರಮಾಡಬೇಕೆಂದು ನನಗೆ ಬಹುದಿನಗಳಿಂದ ಅನಿಸುತ್ತಿತ್ತು.

ಒಂದು ಕಾರಣವಂತೂ ಸ್ಪಷ್ಟವಾಗಿದೆ. ಕಾರಿನ ವಿಮೆಯನ್ನು ಕಾನೂನು ಕೇಳುತ್ತದೆ. ಮುಪ್ಪಿನ ವಿಮೆಯನ್ನು ಯಾರೂ ಕೇಳುವುದಿಲ್ಲ. ಮೋಟಾರು ವಾಹನವು ಬೀದಿಗಿಳಿದ ಮೊದಲ ದಶಕಗಳಲ್ಲಿ, ಅದರಡಿಗೆ ಸಿಕ್ಕಿ ಸತ್ತವನ ಹೆಂಡತಿಮಕ್ಕಳಿಗೆ ಪರಿಹಾರ ದೊರೆಯುವುದು ವಾಹನದ ಮಾಲೀಕನ ಐಶ್ವರ್ಯವನ್ನು ಅವಲಂಬಿಸಿತ್ತು. ಮಾಲೀಕನು ಬಡವನಾದರೆ ನ್ಯಾಯಾಲಯದ ತೀರ್ಪು ಬರಿಯ ಕಾಗದ. ಈ ಅನ್ಯಾಯವನ್ನು ಕಂಡು ಬ್ರಿಟನ್ ದೇಶವು 1930ರಲ್ಲಿ, ಅಪರಿಚಿತನಿಗಾಗುವ ಹಾನಿಗೆ ವಿಮೆಯಿರತಕ್ಕದ್ದೆಂದು ಕಡ್ಡಾಯಮಾಡಿತು. ನಮ್ಮ ದೇಶದ 1939ರ ಮೋಟಾರು ವಾಹನ ಕಾಯಿದೆಯೂ ಅದೇ ತತ್ತ್ವವನ್ನು ಸ್ವೀಕರಿಸಿತು; ಇಂದು ಜಾರಿಯಲ್ಲಿರುವ 1988ರ ಕಾಯಿದೆಯ 146ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಕೊಳ್ಳುವಾಗಲೇ ತೆಗೆದುಕೊಳ್ಳಬೇಕು. ಬೀದಿಯಲ್ಲಿ ನಡೆಯುವ ಗುರುತಿಲ್ಲದ ಮನುಷ್ಯನ ಕಷ್ಟಕ್ಕೆ ಸಮಾಜವು ಒಟ್ಟಾಗಿ ಹೆಗಲುಕೊಡುವ ಏರ್ಪಾಡು ಇದು. ಇದನ್ನು ತೆರಿಗೆಯೆಂದು ಗೊಣಗುವವರು ಈ ಹಿನ್ನೆಲೆಯನ್ನು ಮರೆಯಬಾರದು.

ಉಳಿಸಬಹುದಾದುದು, ಉಳಿಸಬಾರದುದು

ಹಾಗಾದರೆ ಕಾರಿನ ವಿಮೆಯಲ್ಲಿ ಉಳಿತಾಯಕ್ಕೆ ಎಡೆಯಿಲ್ಲವೆ? ಉಂಟು. ಆದರೆ ಎಲ್ಲಿ ಉಂಟು, ಎಲ್ಲಿ ಇಲ್ಲ ಎಂಬುದನ್ನು ತಿಳಿದಿರಬೇಕು.

ವಿಮಾಪತ್ರದಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಮೊದಲನೆಯದು ಪರರ ಹಾನಿಯ ವಿಮೆ, ಎಂದರೆ ಥರ್ಡ್ ಪಾರ್ಟಿ. ಇದರ ದರವನ್ನು ಸರಕಾರವೇ ನಿಗದಿಮಾಡುತ್ತದೆ. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ರೂ. 2,094, 1500 ಸಿ.ಸಿ.ವರೆಗೆ ರೂ. 3,416, ಅದಕ್ಕೂ ಮೇಲ್ಪಟ್ಟುದಕ್ಕೆ ರೂ. 7,897 ಎಂದಿತ್ತು. ಇಲ್ಲಿ ಚೌಕಾಸಿಗೆ ಅವಕಾಶವಿಲ್ಲ, ಇರಲೂ ಬಾರದು. ಅಪಘಾತದಲ್ಲಿ ಒಬ್ಬ ದುಡಿಯುವ ಯುವಕನು ಸತ್ತರೆ ನ್ಯಾಯಮಂಡಲಿಯು ವಿಧಿಸುವ ಪರಿಹಾರಕ್ಕೆ ಮೇಲ್ಮಿತಿಯೆಂಬುದಿಲ್ಲ. ವಿಮೆಯಿಲ್ಲದ ಮಾಲೀಕನು ಅದನ್ನು ತನ್ನ ಮನೆಮಾರಿನಿಂದಲೇ ತೆರಬೇಕಾದೀತು. ವಿಮೆಯಿಲ್ಲದೆ ಗಾಡಿ ನಡೆಸಿದವನಿಗೆ 2019ರ ತಿದ್ದುಪಡಿಯಂತೆ ಮೊದಲ ಸಲ ರೂ. 2,000, ಎರಡನೆಯ ಸಲ ರೂ. 4,000 ದಂಡವುಂಟು, ಸೆರೆವಾಸಕ್ಕೂ ಅವಕಾಶವಿದೆ. ಆದರೆ ನಿಜವಾದ ದಂಡವು ಪೊಲೀಸರು ವಿಧಿಸುವುದಲ್ಲ, ನ್ಯಾಯಮಂಡಲಿಯು ವಿಧಿಸುವುದು.

ಎರಡನೆಯದು ಸ್ವಂತ ಹಾನಿಯ ವಿಮೆ. 2007ರ ಜನವರಿಯಿಂದ ಇದರ ದರಗಳು ಕಂಪನಿಗಳ ವಿವೇಚನೆಗೆ ಬಿಟ್ಟವು. ಆದುದರಿಂದ ಹೋಲಿಕೆಯೂ ಉಳಿತಾಯವೂ ಇಲ್ಲಿಯೇ. ಒಂದು ವರ್ಷ ಪರಿಹಾರ ಕೇಳದಿದ್ದರೆ ಈ ಭಾಗದ ಕಂತಿನಲ್ಲಿ ಶೇಕಡ 20, ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50ರಂತೆ ರಿಯಾಯಿತಿ ದೊರೆಯುತ್ತದೆ. ಇದನ್ನು ನೋ ಕ್ಲೇಮ್ ಬೋನಸ್ ಎನ್ನುತ್ತಾರೆ. ಇದು ಗಾಡಿಗೆ ಸೇರಿದುದಲ್ಲ, ಮಾಲೀಕನಿಗೆ ಸೇರಿದುದು. ಹಳೆಯ ಕಾರನ್ನು ಮಾರಿ ಹೊಸದನ್ನು ಕೊಳ್ಳುವವನು ಕಂಪನಿಯಿಂದ ಪತ್ರ ಪಡೆದು ಅದನ್ನು ಹೊಸ ಗಾಡಿಗೆ ವರ್ಗಾಯಿಸಿಕೊಳ್ಳಬಹುದು. ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಮಾತ್ರ ಇಡೀ ಬೋನಸು ಕಳೆದುಹೋಗುತ್ತದೆ.

ಈ ಬೋನಸಿನ ಬೆಲೆಯನ್ನು ಒಂದು ಲೆಕ್ಕದಿಂದ ತಿಳಿಯೋಣ. ಒಬ್ಬನ ಸ್ವಂತ ಹಾನಿಯ ಕಂತು ರೂ. 10,000 ಎಂದೂ, ಆತನು ಶೇಕಡ 50ರ ಮೆಟ್ಟಿಲನ್ನು ಮುಟ್ಟಿ ರೂ. 5,000 ಮಾತ್ರ ಕಟ್ಟುತ್ತಿರುವನೆಂದೂ ಇಟ್ಟುಕೊಳ್ಳಿ. ಬಂಪರಿಗೆ ನೆಗ್ಗು ಬಿದ್ದಿತೆಂದು ಆತನು ಆರು ಸಾವಿರ ರೂಪಾಯಿ ಪರಿಹಾರ ಪಡೆದನು. ಮರುವರ್ಷ ಬೋನಸು ಸೊನ್ನೆಗಿಳಿದು ಪೂರ್ತಿ 10,000 ಕಟ್ಟಬೇಕು. ಅನಂತರದ ವರ್ಷಗಳಲ್ಲಿ ಕ್ರಮವಾಗಿ 8,000, 7,500, 6,500, 5,500. ಮತ್ತೆ ಹಳೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಹೆಚ್ಚಾಗಿ ತೆತ್ತುದು ರೂ. 12,500. ಗಾಡಿ ಹಳತಾದಂತೆ ಕಂತು ಇಳಿಯುವುದರಿಂದ ಈ ಮೊತ್ತ ಸ್ವಲ್ಪ ಕಡಮೆಯಾದೀತು. ಆದರೂ ಆರು ಸಾವಿರಕ್ಕೆ ಆಸೆಪಟ್ಟವನು ನಷ್ಟಪಟ್ಟನೆಂಬುದರಲ್ಲಿ ಸಂಶಯವಿಲ್ಲ. ಸಣ್ಣ ಹಾನಿಯನ್ನು ತಾನೇ ಹೊರುತ್ತೇನೆಂದು ಮೊದಲೇ ಒಪ್ಪಿಕೊಂಡು ಕಂತನ್ನು ಇಳಿಸಿಕೊಳ್ಳುವ ಏರ್ಪಾಡೂ ಇದೆ. ಕಾರನ್ನು ಕಡಮೆ ಓಡಿಸುವವರಿಗೆ ಓಡಿದಷ್ಟಕ್ಕೆ ಕಂತು ಕಟ್ಟುವ ಸೌಕರ್ಯವನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈಯಲ್ಲಿ ಅನುಮತಿಸಿತು. ನಿವೃತ್ತರಾಗಿ ವಾರಕ್ಕೊಮ್ಮೆ ದೇವಸ್ಥಾನಕ್ಕೋ ಮಾರುಕಟ್ಟೆಗೋ ಮಾತ್ರ ಗಾಡಿ ತೆಗೆಯುವ ಹಿರಿಯರು ಇದನ್ನು ವಿಚಾರಿಸಿ ನೋಡಬಹುದು.

ಮೂರನೆಯದು ಮಾಲೀಕ-ಚಾಲಕನ ಅಪಘಾತ ವಿಮೆ, ರೂ. 15 ಲಕ್ಷದ್ದು. ಎರಡು ಮೂರು ವಾಹನಗಳಿದ್ದರೂ ಒಬ್ಬ ಮಾಲೀಕನಿಗೆ ಇದು ಒಂದೇ ಸಾಕು. ಪ್ರತಿ ವಾಹನಕ್ಕೂ ಕಟ್ಟಬೇಕಾದುದಿಲ್ಲ. ಒಂದು ಎಚ್ಚರಿಕೆ: ಕಂತು ಇಳಿಯಲೆಂದು ಗಾಡಿಯ ವಿಮಾ ಮೌಲ್ಯವನ್ನೇ ತೀರ ಇಳಿಸಿ ಬರೆಸುವುದು ಜಾಣತನವಲ್ಲ. ಗಾಡಿ ಕಳುವಾದ ದಿನ ಕೈಗೆ ಬರುವುದು ಆ ಇಳಿಸಿದ ಮೌಲ್ಯವೇ.

ಇಷ್ಟೆಲ್ಲ ಹೇಳಿದುದರ ಸಾರಾಂಶ ಇದು: ಹೊರಬಲ್ಲ ಸಣ್ಣ ಹಾನಿಯನ್ನು ತಾನೇ ಹೊರಬೇಕು, ಹೊರಲಾರದ ದೊಡ್ಡ ಹಾನಿಯನ್ನು ಹಲವರೊಡನೆ ಹಂಚಿಕೊಳ್ಳಬೇಕು. ವಿಮೆಯ ತತ್ತ್ವವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಈ ಅಳತೆಗೋಲನ್ನು ಹಿಡಿದು ಮನೆಯ ಒಳಗೆ ಬರೋಣ.

ಆಸ್ಪತ್ರೆಯಾಚೆಯ ವರ್ಷಗಳು

2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ನಮ್ಮ ದೇಶದಲ್ಲಿ ಸುಮಾರು 10.4 ಕೋಟಿ ಇದ್ದರು. 2036ಕ್ಕೆ ಅವರ ಸಂಖ್ಯೆ 22.7 ಕೋಟಿಯಾಗುವುದೆಂದು ಕೇಂದ್ರ ಸರಕಾರದ ತಜ್ಞ ಸಮಿತಿಯು ಅಂದಾಜುಮಾಡಿದೆ. ಇನ್ನೊಂದು ಕಡೆ, ಹೊರುವ ಹೆಗಲುಗಳು ಕಡಮೆಯಾಗುತ್ತಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಹುಟ್ಟುವ ಮಕ್ಕಳ ಸರಾಸರಿ 1.7. ನಮ್ಮ ಅಜ್ಜಂದಿರ ಕಾಲದಲ್ಲಿ ಆರೇಳು ಮಕ್ಕಳ ನಡುವೆ ಹಂಚಿಹೋಗುತ್ತಿದ್ದ ಭಾರವು ಈಗ ಒಬ್ಬರ ಅಥವಾ ಇಬ್ಬರ ಮೇಲೆ ಬೀಳುತ್ತದೆ; ಆ ಒಬ್ಬರಿಬ್ಬರಲ್ಲಿಯೂ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಸಮುದ್ರದಾಚೆ. ಧಾರವಾಡದಲ್ಲಿಯೂ ಮೈಸೂರಿನಲ್ಲಿಯೂ ಉಡುಪಿಯಲ್ಲಿಯೂ ದೊಡ್ಡ ದೊಡ್ಡ ಮನೆಗಳಲ್ಲಿ ಮುದುಕ ಮುದುಕಿ ಇಬ್ಬರೇ ಇರುವುದು ಇಂದು ಅಪರೂಪದ ದೃಶ್ಯವಲ್ಲ.

ಮುಪ್ಪು ಎಂದೊಡನೆ ನಾವು ಆಸ್ಪತ್ರೆಯನ್ನು ನೆನೆಯುತ್ತೇವೆ. ಆರೋಗ್ಯವಿಮೆಯಿದ್ದರೆ ನಿಶ್ಚಿಂತೆಯೆಂದು ತಿಳಿಯುತ್ತೇವೆ. ಆದರೆ ಮುಪ್ಪಿನ ದೀರ್ಘವಾದ ಕಷ್ಟವು ಆಸ್ಪತ್ರೆಯ ಹೊರಗೆ ಇರತಕ್ಕದ್ದು. ಪಾರ್ಶ್ವವಾಯು ಬಡಿದವನಿಗೆ ಆಸ್ಪತ್ರೆಯಲ್ಲಿ ಹತ್ತು ದಿನ. ಮನೆಯಲ್ಲಿ ಹತ್ತು ವರ್ಷವೂ ಆಗಬಹುದು. ಮರೆಗುಳಿರೋಗ ಹಿಡಿದವರಿಗೆ ಶಸ್ತ್ರಚಿಕಿತ್ಸೆಯಿಲ್ಲ. ಹಗಲಿರುಳು ಜೊತೆಗೊಬ್ಬರು ಬೇಕು, ಅಷ್ಟೆ. ಅರವತ್ತು ದಾಟಿದ ಭಾರತೀಯರಲ್ಲಿ ಶೇಕಡ 7.4ರಷ್ಟು ಜನರಿಗೆ, ಎಂದರೆ ಸುಮಾರು 88 ಲಕ್ಷ ಮಂದಿಗೆ, ಈ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜುಮಾಡಿತು. ಸ್ನಾನಮಾಡಿಸುವುದು, ಬಟ್ಟೆ ತೊಡಿಸುವುದು, ಉಣಿಸುವುದು, ಮಲಮೂತ್ರಕ್ಕೆ ಕರೆದೊಯ್ಯುವುದು, ಹಾಸಿಗೆ ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವುದು: ಇದಕ್ಕೆ ದೀರ್ಘಕಾಲದ ಆರೈಕೆ ಎಂದು ಹೆಸರು.

ಈ ಆರೈಕೆಯನ್ನು ನಮ್ಮ ಆರೋಗ್ಯವಿಮೆಗಳು ಕೊಡುತ್ತವೆಯೆ? ವಿಮಾಪತ್ರವನ್ನು ಕೊನೆಯವರೆಗೆ ಓದಿದವರು ಕಡಮೆ. ಓದಿದರೆ, ವಿಮೆ ಒಪ್ಪದ ಬಾಬುಗಳ ಪಟ್ಟಿಯಲ್ಲಿ ಒಂದು ಕಲಮು ಸಿಗುತ್ತದೆ. ವಿಶ್ರಾಂತಿ, ಪುನಶ್ಚೇತನ ಮತ್ತು ಆರೈಕೆಯ ವೆಚ್ಚಕ್ಕೆ ಸಂಬಂಧಪಟ್ಟುದು ಅದು. ಸ್ನಾನ, ಉಡುಪು, ಓಡಾಟ ಮೊದಲಾದ ನಿತ್ಯದ ಕೆಲಸಗಳಿಗೆ ನೆರವಾಗುವ ಶುಶ್ರೂಷೆಯು, ಅದು ಮನೆಯಲ್ಲಾಗಲಿ ಶುಶ್ರೂಷಾಲಯದಲ್ಲಾಗಲಿ, ನರ್ಸು ಮಾಡಲಿ ಆಯಾ ಮಾಡಲಿ, ವಿಮೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅದರ ತಾತ್ಪರ್ಯ. ಇದು ಯಾವುದೋ ಒಂದು ಕಂಪನಿಯ ಕುಯುಕ್ತಿಯಲ್ಲ. ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಎಲ್ಲರಿಗೂ ಒಂದೇ ಬಗೆಯಾಗಿ ರೂಪಿಸಿದ ವಾಕ್ಯ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರವು ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯ ರಕ್ಷಣೆಯನ್ನು ಘೋಷಿಸಿದುದು ಸ್ವಾಗತಾರ್ಹವೇ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯವಿಮೆಯ ಮೇಲಿನ ಜಿ.ಎಸ್.ಟಿ.ಯನ್ನು ತೆಗೆದುಹಾಕಿದುದೂ ಒಳ್ಳೆಯದೇ. ಆದರೆ ಅವೆರಡೂ ಆಸ್ಪತ್ರೆಯ ಬಾಗಿಲಿನ ಒಳಗಿನ ಮಾತು.

ನನ್ನ ಸೋದರಮಾವನವರಿಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಅದರ ಬಿಲ್ಲಿನ ಬಹುಭಾಗವನ್ನು ವಿಮೆ ಕೊಟ್ಟಿತು. ಅನಂತರ ಆರು ವರ್ಷ ಮನೆಯಲ್ಲಿ ಮಲಗಿದ್ದರು. ಆ ಆರು ವರ್ಷಗಳಿಗೆ ಯಾವ ವಿಮೆಯೂ ಇರಲಿಲ್ಲ ಎನ್ನುವುದು ತಪ್ಪಾದೀತು, ಇದ್ದಿತು. ಅವರ ಸೊಸೆಯೇ ಆ ವಿಮೆ. ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿಯಾಗಿದ್ದ ಆಕೆ ಮೊದಲು ರಜೆ ಹಾಕಿದಳು, ಆಮೇಲೆ ಸಂಬಳವಿಲ್ಲದ ರಜೆ, ಕೊನೆಗೆ ರಾಜೀನಾಮೆ. ಮಾವನವರು ತೀರಿಕೊಂಡಾಗ ಆಕೆಗೆ ನಲವತ್ತೊಂಬತ್ತು ವರ್ಷ. ಸೊಂಟನೋವು ಬಂದಿತ್ತು, ಕೆಲಸ ಮರಳಿ ಬರಲಿಲ್ಲ. ನೆಂಟರೆಲ್ಲ ಆಕೆಯನ್ನು ಹೊಗಳಿದರು. ಹೊಗಳಿಕೆಯಿಂದ ಪಿಂಚಣಿ ಬರುವುದಿಲ್ಲ. ಆಕೆಯ ಮುಪ್ಪಿಗೆ ಏನು ಗತಿ ಎಂದು ಯಾರೂ ಕೇಳಲಿಲ್ಲ.

ಇದು ಒಂದು ಮನೆಯ ಕಥೆಯಲ್ಲ. “ನಮ್ಮ ಸಂಸ್ಕೃತಿಯಲ್ಲಿ ಹಿರಿಯರನ್ನು ಕುಟುಂಬವೇ ನೋಡಿಕೊಳ್ಳುತ್ತದೆ, ಪಾಶ್ಚಾತ್ಯರ ವಿಮೆ ನಮಗೇಕೆ?” ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಕುಟುಂಬ ಎಂಬ ಪದವನ್ನು ಬಿಡಿಸಿ ನೋಡಿದರೆ ಒಳಗೆ ಸಿಗುವುದು ಬಹುಮಟ್ಟಿಗೆ ಒಬ್ಬ ಸೊಸೆ, ಒಬ್ಬ ಮಗಳು, ಅಥವಾ ತಾನೇ ಎಪ್ಪತ್ತು ದಾಟಿದ ಒಬ್ಬ ಹೆಂಡತಿ. ಹೊರಲಾರದ ದೊಡ್ಡ ಹಾನಿಯನ್ನು ಹಲವರೊಡನೆ ಹಂಚಿಕೊಳ್ಳಬೇಕೆಂಬ ತತ್ತ್ವವನ್ನು ಬಂಪರಿನ ವಿಷಯದಲ್ಲಿ ಒಪ್ಪಿದ ನಾವು ಇಲ್ಲಿ ಇಡೀ ಹಾನಿಯನ್ನು ಒಬ್ಬಳ ಬೆನ್ನಿಗೆ ಕಟ್ಟುತ್ತಿದ್ದೇವೆ.

ಉಳಿತಾಯ ಮಾತ್ರವೇ ಸಾಕೆ?

ಕಾರಿನ ವಿಮೆಯಲ್ಲಿ ಉಳಿಸಿದ ಹಣವನ್ನು ಮುಪ್ಪಿಗೆ ಕೂಡಿಡಬಾರದೆ ಎಂದು ವಾಚಕರು ಕೇಳಬಹುದು. ಹನಿ ಹನಿ ಗೂಡಿದರೆ ಹಳ್ಳವೆಂಬ ಗಾದೆಯೂ ಇದೆ. ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಐದು ಸಾವಿರದಂತೆ ಇಪ್ಪತ್ತು ವರ್ಷ, ಶೇಕಡ 7ರ ಚಕ್ರಬಡ್ಡಿಯಲ್ಲಿ ಕೂಡಿಟ್ಟರೆ ಆಗುವುದು ಸುಮಾರು ಎರಡು ಲಕ್ಷ ರೂಪಾಯಿ. ಹಗಲಿರುಳು ಮನೆಯಲ್ಲಿರುವ ಹೋಂ ನರ್ಸಿಗೆ ತಿಂಗಳಿಗೆ 25,000 ಎಂದು ಲೆಕ್ಕಕ್ಕಾಗಿ ಹಿಡಿದರೆ ವರ್ಷಕ್ಕೆ ಮೂರು ಲಕ್ಷ. ಐದು ವರ್ಷಕ್ಕೆ ಹದಿನೈದು ಲಕ್ಷ. ಇಪ್ಪತ್ತು ವರ್ಷದ ಮಿತವ್ಯಯವು ಎಂಟು ತಿಂಗಳಲ್ಲಿ ಕರಗಿಹೋಯಿತು. ಬೆಲೆಗಳ ಏರಿಕೆಯನ್ನು ಸೇರಿಸಿದರೆ ಇನ್ನೂ ಬೇಗ.

ಹಾಗಾದರೆ ಪ್ರತಿಯೊಬ್ಬರೂ ಹದಿನೈದು ಲಕ್ಷ ಕೂಡಿಡಬೇಕೆ? ಅದೂ ಸರಿಯಾದ ದಾರಿಯಲ್ಲ. ಹತ್ತು ಮಂದಿ ವೃದ್ಧರಲ್ಲಿ ಮೂವರಿಗೆ ಐದೈದು ವರ್ಷದ ಆರೈಕೆ ಬೇಕಾಯಿತು, ಉಳಿದ ಏಳು ಮಂದಿ ನಡೆದಾಡುತ್ತಲೇ ಕಣ್ಣುಮುಚ್ಚಿದರು ಎಂದು ಭಾವಿಸಿ. ಒಟ್ಟು ವೆಚ್ಚ 45 ಲಕ್ಷ. ಹತ್ತು ಮಂದಿಯೂ ಬೇರೆ ಬೇರೆಯಾಗಿ ಕೂಡಿಟ್ಟರೆ 150 ಲಕ್ಷ ಬೇಕು. ಒಟ್ಟಾಗಿ ಹಂಚಿಕೊಂಡರೆ ತಲೆಗೆ ನಾಲ್ಕೂವರೆ ಲಕ್ಷ ಸಾಕು. ಆ ಮೂವರು ಯಾರೆಂದು ಮೊದಲೇ ಯಾರಿಗೂ ತಿಳಿಯದಿರುವುದರಿಂದಲೇ ಹಂಚಿಕೆ ಎಲ್ಲರಿಗೂ ನ್ಯಾಯವಾದುದು. ಕಾರಿನ ವಿಷಯದಲ್ಲಿ ನಾವು ಮಾಡುತ್ತಿರುವುದು ಇದನ್ನೇ ಅಲ್ಲವೆ?

ಖಾಸಗಿ ಕಂಪನಿಗಳು ಇದನ್ನು ತಾವಾಗಿ ಮಾಡಲಾರವೆ? ಅಮೆರಿಕದಲ್ಲಿ ಮಾಡಿ ನೋಡಿದರು. ಅಲ್ಲಿ ದೀರ್ಘಾರೈಕೆಯ ವಿಮೆಯನ್ನು ಮಾರಿದ ಕಂಪನಿಗಳು, ಜನರು ಎಷ್ಟು ವರ್ಷ ಬದುಕಿಯಾರು, ಎಷ್ಟು ಮಂದಿ ನಡುವೆ ವಿಮೆಯನ್ನು ಬಿಟ್ಟಾರು, ಬಡ್ಡಿ ಎಷ್ಟು ದೊರೆತೀತು ಎಂಬ ಅಂದಾಜುಗಳಲ್ಲೆಲ್ಲ ಎಡವಿದವು. ಕಂತುಗಳನ್ನು ವಿಪರೀತವಾಗಿ ಏರಿಸಬೇಕಾಯಿತು. ಅನೇಕ ಕಂಪನಿಗಳು ಆ ವ್ಯಾಪಾರವನ್ನೇ ಬಿಟ್ಟವು. ಸ್ವಇಚ್ಛೆಯ ವಿಮೆಯಾದರೆ, ತನಗೆ ಬೇಗ ಬೇಕಾದೀತೆಂದು ಹೆದರುವವನೇ ಅದನ್ನು ಕೊಳ್ಳುತ್ತಾನೆ, ಗಟ್ಟಿಮುಟ್ಟಾದವನು ದೂರವಿರುತ್ತಾನೆ. ಅಂಥ ವಿಮೆ ನಿಲ್ಲುವುದಿಲ್ಲ.

ಜರ್ಮನಿಯು 1995ರ ಜನವರಿ 1ರಿಂದ ಆರೈಕೆ ವಿಮೆಯನ್ನು ಕಡ್ಡಾಯಮಾಡಿತು. ಮಾಲೀಕರ ಮೇಲೆ ಬೀಳುವ ವೆಚ್ಚವನ್ನು ಸರಿದೂಗಿಸಲು ಅಲ್ಲಿನ ಬಹುತೇಕ ಪ್ರಾಂತಗಳು ಒಂದು ಸಾರ್ವಜನಿಕ ರಜಾದಿನವನ್ನೇ ಬಿಟ್ಟುಕೊಟ್ಟವು. ವೃದ್ಧರ ಸಲುವಾಗಿ ದೇಶವೇ ಒಂದು ದಿನ ಹೆಚ್ಚು ದುಡಿಯಿತು. ಜಪಾನು 2000ದ ಏಪ್ರಿಲ್ 1ರಿಂದ ನಲವತ್ತು ದಾಟಿದ ಎಲ್ಲರಿಂದಲೂ ಕಂತು ವಸೂಲುಮಾಡತೊಡಗಿತು. ವೆಚ್ಚದ ಅರ್ಧ ಕಂತಿನಿಂದ, ಅರ್ಧ ತೆರಿಗೆಯಿಂದ. ಆರೈಕೆ ಎಷ್ಟು ಬೇಕೆಂಬುದನ್ನು ಏಳು ಮಟ್ಟಗಳಲ್ಲಿ ಅಳೆದು, ಸಾಮಾನ್ಯವಾಗಿ ವೆಚ್ಚದ ಹತ್ತನೆಯ ಒಂದು ಪಾಲನ್ನು ಮಾತ್ರ ವೃದ್ಧರಿಂದ ಪಡೆಯುತ್ತಾರೆ. ಸಿಂಗಪುರವು 2020ರಲ್ಲಿ ಪ್ರಾರಂಭಿಸಿದ ಯೋಜನೆಯಲ್ಲಿ, ಆರು ನಿತ್ಯಕರ್ಮಗಳಲ್ಲಿ ಮೂರನ್ನು ತಾನಾಗಿ ಮಾಡಲಾರದವನಿಗೆ ಜೀವಾವಧಿ ಮಾಸಾಶನವುಂಟು.

ಇವುಗಳಲ್ಲಿ ಸೊಸೆಯ ಪ್ರಶ್ನೆಯನ್ನು ಎರಡು ದೇಶಗಳು ಎರಡು ರೀತಿಯಲ್ಲಿ ಬಿಡಿಸಿದುದು ಗಮನಾರ್ಹ. ಜರ್ಮನಿಯಲ್ಲಿ ಮನೆಯಲ್ಲೇ ಆರೈಕೆ ಪಡೆಯುವವರಿಗೆ ನಗದು ಭತ್ಯೆಯುಂಟು. ಆರೈಕೆ ಮಾಡುವ ಬಂಧುವಿನ ಪಿಂಚಣಿಗೂ ವಿಮಾನಿಧಿಯು ಹಣ ಕಟ್ಟುತ್ತದೆ. ಜಪಾನಿನಲ್ಲಿ ನಗದು ಕೊಡಬಾರದೆಂದು ವಾದಿಸಿದವರಲ್ಲಿ ಮಹಿಳೆಯರ ಸಂಘಗಳೇ ಇದ್ದವು. ಹಣ ಕೊಟ್ಟರೆ ಸೊಸೆಯನ್ನು ಮನೆಗೇ ಕಟ್ಟಿಹಾಕುತ್ತಾರೆಂಬುದು ಅವರ ಭೀತಿ. ಆದುದರಿಂದ ಅಲ್ಲಿ ಹಣವಲ್ಲ, ಸೇವೆಯೇ ಮನೆಗೆ ಬರುತ್ತದೆ. ಇವು ಅಗ್ಗದ ಯೋಜನೆಗಳಲ್ಲವೆಂಬುದನ್ನೂ ಹೇಳಬೇಕು. ಜರ್ಮನಿಯ ಕಂತು ಪ್ರಾರಂಭದಲ್ಲಿ ಆದಾಯದ ಶೇಕಡ 1 ಇದ್ದುದು 2025ರಲ್ಲಿ 3.6ಕ್ಕೆ ಏರಿತು. ಜಪಾನಿನ ವೃದ್ಧರ ಸರಾಸರಿ ಮಾಸಿಕ ಕಂತು ಮೊದಲು 2,911 ಯೆನ್ ಇದ್ದುದು 2024ರಿಂದ 6,225 ಯೆನ್ ಆಗಿದೆ. ಆದರೆ ಆರೈಕೆಯ ವೆಚ್ಚವು ಯೋಜನೆಯಿಂದ ಹುಟ್ಟಿದುದಲ್ಲ. ಅದು ಹೇಗೂ ಇರತಕ್ಕದ್ದೇ. ಯೋಜನೆಯು ಅದನ್ನು ಲೆಕ್ಕದ ಪುಸ್ತಕಕ್ಕೆ ತಂದಿತು. ನಮ್ಮಲ್ಲಿ ಅದು ಯಾವ ಪುಸ್ತಕದಲ್ಲಿಯೂ ಇಲ್ಲ.

ಸರಕಾರದ ಹೊಣೆ, ಮನೆಯ ಹೊಣೆ

ನಮ್ಮ ಸರಕಾರಗಳು ಏನೂ ಮಾಡಿಲ್ಲವೆಂದು ಹೇಳಲಾಗದು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು, ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಮೀರದಂತೆ ಜೀವನಾಂಶ ಕೊಡಿಸುವ ಅಧಿಕಾರವನ್ನು ನ್ಯಾಯಮಂಡಲಿಗಳಿಗೆ ಕೊಟ್ಟಿತು. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯಿಂದ ಬಡ ವೃದ್ಧರಿಗೆ ತಿಂಗಳಿಗೆ ರೂ. 1,200 ದೊರೆಯುತ್ತದೆ. 14567 ಎಂಬ ರಾಷ್ಟ್ರೀಯ ಸಹಾಯವಾಣಿಯೂ 2021ರಿಂದ ಇದೆ. ಆದರೆ ಕಾಯಿದೆಯು ಮಗನಿಂದ ಹಣ ಕೊಡಿಸಬಲ್ಲುದು, ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಹೊರಳಿಸುವ ಕೈಯನ್ನು ಕೊಡಲಾರದು. ಮಗನಿಗೇ ಸಾಮರ್ಥ್ಯವಿಲ್ಲದಿದ್ದಲ್ಲಿ ಹಣವೂ ಇಲ್ಲ. 2024ರ ಫೆಬ್ರವರಿಯಲ್ಲಿ ನೀತಿ ಆಯೋಗವು ಹಿರಿಯರ ಆರೈಕೆಯ ಸುಧಾರಣೆಯ ಬಗ್ಗೆ ಒಂದು ಪ್ರಬಂಧವನ್ನು ಪ್ರಕಟಿಸಿತು. ಪ್ರಬಂಧದಿಂದ ಶಾಸನದವರೆಗೆ ದಾರಿ ದೂರವೆಂಬುದು ನಿಜ. ಆದರೂ ಮೊದಲ ಹೆಜ್ಜೆಗಳು ಕಷ್ಟವಾದುವಲ್ಲ. ಆರೈಕೆ ಮಾಡುವ ಆಯಾ, ಹೋಂ ನರ್ಸುಗಳಿಗೆ ತರಬೇತಿ, ನೋಂದಣಿ, ನ್ಯಾಯವಾದ ಸಂಬಳ; ಪ್ರತಿ ತಾಲ್ಲೂಕಿನಲ್ಲಿಯೂ ಹಗಲು ಹೊತ್ತಿನ ಒಂದು ಆರೈಕೆ ಕೇಂದ್ರ; ಸಂಬಳದಿಂದ ಭವಿಷ್ಯನಿಧಿ ಕಡಿಯುವಂತೆಯೇ ನಲವತ್ತು ದಾಟಿದವರಿಂದ ಆರೈಕೆಗೆಂದು ಒಂದು ಸಣ್ಣ ಪಾಲು, ಕೊಡಲಾರದ ಬಡವರ ಪಾಲು ಬೊಕ್ಕಸದಿಂದ.

ಶಾಸನವಾಗುವವರೆಗೆ ಮನೆಗಳು ಕೈಕಟ್ಟಿ ಕುಳಿತಿರಲಾಗದು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವೇನು? ಅರವತ್ತರ ಆಸುಪಾಸಿನವರು ಮಾಡಿಕೊಳ್ಳತಕ್ಕ ಕೆಲವು ಏರ್ಪಾಡುಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಮನೆಯನ್ನು ಬದುಕಿರುವಾಗಲೇ ದಾನಪತ್ರ ಬರೆದು ಮಕ್ಕಳಿಗೆ ಒಪ್ಪಿಸಬಾರದು, ಉಯಿಲು ಸಾಕು. ಕೊಡಲೇಬೇಕಾದರೆ, ಕೊನೆಯವರೆಗೆ ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿ ಬರೆಯಿಸಬೇಕು. 2007ರ ಕಾಯಿದೆಯ 23ನೆಯ ವಿಧಿಯಂತೆ, ಷರತ್ತು ಮುರಿದರೆ ಆ ದಾನವನ್ನು ರದ್ದುಪಡಿಸಬಹುದು.

ಎರಡನೆಯದಾಗಿ, ಮುಖ್ತ್ಯಾರುನಾಮೆಯೊಂದಿದ್ದರೆ ಎಲ್ಲ ಸರಿಹೋಗುವುದೆಂಬ ನಂಬಿಕೆ ವ್ಯಾಪಕವಾಗಿದೆ. 1872ರ ಕರಾರು ಕಾಯಿದೆಯ 201ನೆಯ ವಿಧಿಯ ಪ್ರಕಾರ, ಬರೆದುಕೊಟ್ಟವನ ಬುದ್ಧಿ ಸ್ವಾಧೀನ ತಪ್ಪಿದೊಡನೆ ಆ ಅಧಿಕಾರವೂ ಕೊನೆಗೊಳ್ಳುತ್ತದೆ. ಎಂದರೆ, ಮರೆಗುಳಿರೋಗ ಬಂದಾಗ ಯಾವುದರ ಅಗತ್ಯ ಹೆಚ್ಚೋ ಅದೇ ನಿಷ್ಪ್ರಯೋಜಕವಾಗುತ್ತದೆ. ಮಕ್ಕಳು ಪೋಷಕರಾಗಿ ನೇಮಕಗೊಳ್ಳಲು ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ. ಆದುದರಿಂದ ಬ್ಯಾಂಕಿನ ಠೇವಣಿಗಳನ್ನು ನಂಬತಕ್ಕ ಒಬ್ಬರೊಡನೆ, ಇಬ್ಬರಲ್ಲಿ ಯಾರಾದರೂ ಹಣ ತೆಗೆಯಬಹುದಾದ ಜಂಟಿ ಖಾತೆಯಾಗಿ ಇಡುವುದು ಕ್ಷೇಮ.

ಮೂರನೆಯದಾಗಿ, ಆರೈಕೆಯ ನಿಧಿಯನ್ನು ಮಗಳ ಮದುವೆ, ಮೊಮ್ಮಗನ ಓದು ಮೊದಲಾದ ಬಾಬುಗಳಿಂದ ಬೇರೆಯಾಗಿ ಇಡಬೇಕು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರಿಂದ ಮೂವತ್ತು ಲಕ್ಷದವರೆಗೆ ತೊಡಗಿಸಬಹುದು. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಆರೋಗ್ಯವಿಮೆಯನ್ನೂ ಬಿಡಬಾರದು, ಅರವತ್ತೈದು ದಾಟಿದವರಿಗೆ ವಿಮೆ ಕೊಡಲಾಗದೆಂದು ಹೇಳುವ ವಯೋಮಿತಿಯನ್ನು 2024ರ ಏಪ್ರಿಲಿನಿಂದ ತೆಗೆದುಹಾಕಲಾಗಿದೆ.

ನಾಲ್ಕನೆಯದಾಗಿ, ಕೊನೆಯ ದಿನಗಳಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು. ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಈ ಹಕ್ಕನ್ನು ಒಪ್ಪಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ರುಜುಮಾಡಿ ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿಕೊಂಡರೆ ಸಾಕು. ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಇದನ್ನು ಕಾರ್ಯಗತಗೊಳಿಸುವ ಆದೇಶವನ್ನು ಹೊರಡಿಸಿತು.

ಕೊನೆಯದು ಎಲ್ಲಕ್ಕಿಂತ ಕಷ್ಟವಾದುದು. ಅದಕ್ಕೆ ಕಾಸಿನ ಖರ್ಚಿಲ್ಲ. ಮನೆಯವರೆಲ್ಲ ಒಂದೆಡೆ ಕುಳಿತು ಈ ವಿಷಯವನ್ನು ಬಾಯಿಬಿಟ್ಟು ಮಾತಾಡಬೇಕು. ಅಶುಭವೆಂದು ಮಾತನ್ನು ಮುಂದೂಡಿದ ಮನೆಗಳಲ್ಲಿಯೇ ಕಷ್ಟ ಬಂದಾಗ ಜಗಳವಾಗುವುದು. ದೂರದಲ್ಲಿರುವ ಮಗನು ಹಣ ಕಳುಹಿಸಿದೊಡನೆ ತನ್ನ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಹತ್ತಿರವಿದ್ದು ಮಾಡುವ ಮಗಳಿಗೋ ಸೊಸೆಗೋ ಆಕೆ ಕಳೆದುಕೊಳ್ಳುವ ಸಂಬಳದಷ್ಟನ್ನು ಉಳಿದವರು ಸೇರಿ ಆಕೆಯ ಹೆಸರಿನಲ್ಲೇ ಠೇವಣಿಯಿಡುವುದು, ವರ್ಷದಲ್ಲಿ ಒಂದು ತಿಂಗಳು ಆಕೆಗೆ ಬಿಡುವು ಕೊಟ್ಟು ತಾವು ಬಂದು ನಿಲ್ಲುವುದು ನ್ಯಾಯ. ಹೀಗೆ ಮಾಡಿದರೆ ಮಮತೆ ವ್ಯಾಪಾರವಾಗುವುದೆಂದು ಹೆದರಬೇಕಾಗಿಲ್ಲ. ಬೀದಿಯಲ್ಲಿ ಹೋಗುವ ಅಪರಿಚಿತನಿಗೆ ನಮ್ಮ ಗಾಡಿಯಿಂದ ನಷ್ಟವಾದರೆ ತುಂಬಿಕೊಡಬೇಕೆಂದು ಒಪ್ಪುವವರು, ನಮ್ಮ ಮುಪ್ಪಿನಿಂದ ಮನೆಯವಳಿಗಾಗುವ ನಷ್ಟವನ್ನು ತುಂಬಿಕೊಡಲು ಹಿಂಜರಿಯುವುದೇಕೆ? ಮುಂದಿನ ಸಲ ಕಾರಿನ ವಿಮೆಯ ಕಾಗದಗಳನ್ನು ಹರಡಿಕೊಂಡು ಕೂರುವವರು, ಅದೇ ಕೂರಿಕೆಯಲ್ಲಿ ಈ ಇನ್ನೊಂದು ಲೆಕ್ಕವನ್ನೂ ಬರೆಯಲು ಪ್ರಾರಂಭಿಸಲೆಂದು ನನ್ನ ಬಿನ್ನಹ.